ಅತ್ತಿಗೆಯ ದೊಡ್ಡ ಕುಂಕುಮ

ಮೀನಿನ ಬುಟ್ಟಿ ಹೊತ್ತವರ ಹಣೆ ಒಣಗಿದ್ದನ್ನು ನಾನು ಕಂಡದ್ದೇ ಇಲ್ಲ. ಬೆವರಿನ ಮಾತು ಹಾಗಿರಲಿ, ಬುಟ್ಟಿಯ ತಳದಿಂದ ತೊಟ್ಟಿಕ್ಕುವ ಉಪ್ಪುನೀರು ತಲೆಯ ಮೇಲಿನ ಬಟ್ಟೆಯ ಸಿಂಬೆಯನ್ನು ನೆನೆಸಿ, ಕೂದಲಿನ ಅಂಚಿನಿಂದ ಇಳಿದು, ಎರಡು ಹುಬ್ಬಿನ ನಡುವೆ ದಾರಿ ಮಾಡಿಕೊಂಡು ಮೂಗಿನ ತುದಿಯವರೆಗೆ ಬರುತ್ತದೆ. ಒಂದು ಕೈ ಬುಟ್ಟಿಯ ಅಂಚಿನಲ್ಲಿ, ಇನ್ನೊಂದು ಕೈ ಸೆರಗಿನಲ್ಲಿ. ಒರೆಸಿಕೊಳ್ಳುವುದು ಯಾವ ಕೈಯಲ್ಲಿ? ಹಾಗಾಗಿ ಕಡಲ ಬದಿಯ ನಮ್ಮ ಬೋಳೂರಿನಿಂದ ಹೊರಡುವಾಗ ಹಣೆಯಲ್ಲಿ ಇದ್ದ ಕುಂಕುಮ ಮೀನು ಮಾರುವ ಮಣ್ಣಗುಡ್ಡ ಮುಟ್ಟುವಾಗ ಮೂಗಿನ ಮೇಲಿರುತ್ತಿತ್ತು. ನಮ್ಮ ಅಮ್ಮನ ಮೂಗಿನ ಮೇಲೆ ಆ ಕೆಂಪು ಗೆರೆ ಇಲ್ಲದ ಮಧ್ಯಾಹ್ನ ನನಗೆ ನೆನಪಿಲ್ಲ.

ಕುಂಕುಮ ಮನೆಯದೇ. ಅರಸಿನದ ಕೊಂಬನ್ನು ತೆಳ್ಳಗೆ ಹೆಚ್ಚಿ, ಲಿಂಬೆಹುಳಿ ಹಿಂಡಿ, ಬಿಳಿಗಾರ, ಪಟಿಕ ಸೇರಿಸಿ, ಮಣ್ಣಿನ ಬಾಣಲೆಯಲ್ಲಿ ಮೂರು ದಿನ ಮಗುಚಿ ಮಗುಚಿ ನೆರಳಲ್ಲಿ ಒಣಗಿಸಬೇಕು. ಹಳದಿ ಮೆಲ್ಲ ಮೆಲ್ಲ ಕೆಂಪಿಗೆ ತಿರುಗುವುದನ್ನು ನೋಡಲು ನಾನು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂರುತ್ತಿದ್ದೆ. ಆಮೇಲೆ ಕುಟ್ಟಿ, ಹಳೆಯ ಮಲ್ಲಿನ ಬಟ್ಟೆಯಲ್ಲಿ ಸೋಸಿ, ನಾಲ್ಕು ಹನಿ ತೆಂಗಿನೆಣ್ಣೆ ಬೆರೆಸಿ ಕರಟದ ಡಬ್ಬಿಗೆ ತುಂಬುವುದು. ಬಣ್ಣ ಕಡು ಕೆಂಪಲ್ಲ, ಹೊಸ ಇಟ್ಟಿಗೆಯ ಹಾಗೆ. ನೀರು ಬಿದ್ದರೆ ಹೋಯಿತು. ಹೋದರೆ ಹೋಗಲಿ, ಮರುದಿನ ಹಚ್ಚಿದರಾಯಿತು ಎಂಬುದು ಅಮ್ಮನ ಲೆಕ್ಕ.

ನಮ್ಮಲ್ಲಿ ಮೀನು ಮಾರುವ ಹೆಂಗಸರಿಗೆ ಆಸ್ತಿಯೆಂದರೆ ಬಾಗಿಲು. ಇಂಥ ಬೀದಿಯ ಇಂಥ ಮನೆಗಳು ಇಂಥವಳದ್ದು ಎಂದು ಎಲ್ಲರಿಗೂ ಗೊತ್ತು, ಇನ್ನೊಬ್ಬಳು ಅಲ್ಲಿ ಬುಟ್ಟಿ ಇಳಿಸುವುದಿಲ್ಲ. ಅತ್ತೆಗೆ ಆಗದ ಕಾಲಕ್ಕೆ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ ಪ್ರತಿ ಮನೆಯ ಮೆಟ್ಟಿಲಲ್ಲೂ ನಿಲ್ಲಿಸಿ, "ಇನ್ನು ಇವಳೇ ಬರ್ತಾಳೆ ಅಮ್ಮ, ಕೈ ಒಳ್ಳೆಯದುಂಟು" ಎಂದು ಹೇಳಿ ಬಾಗಿಲು ಒಪ್ಪಿಸಿ ಬರಬೇಕು. ಅಮ್ಮನಿಗೆ ಮಣ್ಣಗುಡ್ಡದಲ್ಲಿ ಮೂವತ್ತಕ್ಕೂ ಮಿಕ್ಕಿ ಬಾಗಿಲು. ಅವಳ ಮೊಣಗಂಟು ಬಾತು ಹೋದ ವರ್ಷ ಅಣ್ಣನಿಗೆ ಮದುವೆಯಾಗಿತ್ತು. ಬಾಗಿಲುಗಳು ಅತ್ತಿಗೆಗೆ ಬಂದವು. ಅಪ್ಪ ಮತ್ತು ಅಣ್ಣ ತರುವುದು ಕಡಲು ಕೊಟ್ಟ ದಿನ ಮಾತ್ರ. ಬಾಗಿಲು ಹಾಗಲ್ಲ. ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ನಮ್ಮ ಮನೆಯ ಮಾತು ತುಳು. ಕನ್ನಡವನ್ನು ಅಮ್ಮ ಆ ಬಾಗಿಲುಗಳಲ್ಲಿ ಹೆಕ್ಕಿ ತಂದಳು, ನಾನು ಅಮ್ಮನ ಬಾಯಿಯಿಂದ ಹೆಕ್ಕಿಕೊಂಡೆ. ಅತ್ತಿಗೆಗೆ ಮೊದಮೊದಲು ಕನ್ನಡ ಬರುತ್ತಿರಲಿಲ್ಲ. ನಗುತ್ತಿದ್ದಳು ಅಷ್ಟೆ. ಅದೇ ಸಾಕಾಗಿತ್ತು. ಬೇರೆಯವರ ಬುಟ್ಟಿಯಲ್ಲಿ ಬಂಗುಡೆ ಉಳಿದ ದಿನವೂ ಅವಳ ಬುಟ್ಟಿ ಖಾಲಿಯಾಗಿ ಬರುತ್ತಿತ್ತು.

ನಾನು ಆಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಸುಟ್ಟ ಬೀಜ ಒಡೆಯುವ ಕೆಲಸ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಲಿಯುತ್ತದೆ. ಬೂದಿ ಮೆತ್ತಿಕೊಂಡು, ಹರಳೆಣ್ಣೆ ಹಚ್ಚಿಕೊಂಡು ಕೂತರೂ ಬೆರಳ ತುದಿ ಕಪ್ಪಾಗಿ ಪೊರೆ ಏಳುತ್ತಿತ್ತು. ಮೈಗೆ ತಾಗಿದ್ದು ಚರ್ಮವನ್ನು ತಿನ್ನಬಲ್ಲದು ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಹತ್ತು ಬೆರಳಿಗೂ ಗೊತ್ತಿತ್ತು. ಆದರೆ ಅದು ಎಣ್ಣೆ, ಇದು ಕುಂಕುಮ. ದೇವರ ಮುಂದೆ ಇಡುವ ವಸ್ತು ಕಚ್ಚುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

ಕಾರ್ಖಾನೆಯ ಹುಡುಗಿಯರಲ್ಲಿ ಆಗ ಬಾಟ್ಲಿ ಕುಂಕುಮ ಹೊಸತಾಗಿ ಬಂದಿತ್ತು. ಹೆಬ್ಬೆರಳುದ್ದದ ಗಾಜಿನ ಬಾಟ್ಲಿ, ಮುಚ್ಚಳಕ್ಕೆ ಕಡ್ಡಿ, ಮೇಲೆ ದೇವಿಯ ಚಿತ್ರ. ಅದ್ದಿ ಇಟ್ಟರೆ ಮೇಣದ ಹಾಗೆ ಕೂರುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಮುಖ ತೊಳೆದು ಬಂದು, "ನೋಡು, ಹೋಗಿದೆಯಾ?" ಎಂದು ಹಣೆ ತೋರಿಸಿದಳು. ಹೋಗಿರಲಿಲ್ಲ. ನನಗೆ ಮೊದಲು ನೆನಪಾದದ್ದು ಅತ್ತಿಗೆಯ ಮೂಗು.

ಬಂದರಿನ ಹತ್ತಿರ ಒಬ್ಬ ಬ್ಯಾರಿ ಮುಸಲ್ಮಾನರ ಅಂಗಡಿ. ಬಳೆ, ರಿಬ್ಬನ್, ಸುರ್ಮಾ, ಅತ್ತರು ಎಲ್ಲ ಉಂಟು. ಅಲ್ಲಿಂದ ಒಂದು ಬಾಟ್ಲಿ ತಂದೆ. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಿಜವಾಗಿ ಹೋಗುವುದಿಲ್ವಾ?"

"ಕಡಲಲ್ಲಿ ಮುಳುಗಿ ಎದ್ದರೂ ಹೋಗ್ಲಿಕ್ಕಿಲ್ಲ."

"ಹಾಗಾದರೆ ನಿನ್ನ ಅಣ್ಣನಿಗೆ ಹಚ್ಚುವ. ಮುಳುಗಿದರೆ ದೂರದಿಂದ ಕಾಣ್ತದೆ."

"ಬಿಡ್ತು ಅನ್ನು ಮಾರಾಯ್ತಿ!" ಎಂದು ಅಮ್ಮ ಒಳಗಿನಿಂದ ಗದರಿದಳು. ಆದರೂ ಹೊರಗೆ ಬಂದು ನೋಡಿದಳು. "ಒಳ್ಳೆದುಂಟು. ಅವನು ಕಡಲಲ್ಲಿರುವಾಗ ಇವಳ ಹಣೆ ತೊಳೆದು ಹೋಗುವುದು ನನಗೆ ಎಂದೂ ಸಮ ಕಾಣ್ಲಿಲ್ಲ."

ಅಮ್ಮನ ಸ್ವಂತ ಮೂಗಿನ ಮೇಲೆ ವರ್ಷಗಟ್ಟಲೆ ಹರಿದ ಕುಂಕುಮಕ್ಕೆ ಇಲ್ಲದ ಹೆದರಿಕೆ ಸೊಸೆಯ ವಿಷಯದಲ್ಲಿ ಹೇಗೆ ಬಂತೋ. ಮಗನ ಜೀವದ ವಿಷಯ ಅಲ್ವಾ. ಆ ವರ್ಷ ಅವಳು ಅರಸಿನ ಒಣಗಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ತುರಿಕೆ ಸುರುವಾಯಿತು. ಅತ್ತಿಗೆ ಮೊಣಕೈಯಿಂದ ಹಣೆ ಉಜ್ಜಿಕೊಳ್ಳುತ್ತಿದ್ದಳು. ನಾವು ಸಿಂಬೆಯನ್ನು ದೂರಿದೆವು. ಕೊಳೆತ ಮೀನಿನ ನೀರು ಅಂದೆವು. ಸಿಂಬೆಯ ಬಟ್ಟೆ ಬದಲಿಸಿದೆವು, ಕುದಿನೀರಲ್ಲಿ ಅದ್ದಿ ಒಣಗಿಸಿದೆವು. ಅಮ್ಮ ಕಹಿಬೇವು ಅರೆದು ಕೊಟ್ಟಳು. ಅತ್ತಿಗೆ ಬೇವು ಹಚ್ಚಿ, ತೊಳೆದು, ಒರೆಸಿ, ಅದರ ಮೇಲೆ ಬಾಟ್ಲಿಯ ಕುಂಕುಮ ಇಡುತ್ತಿದ್ದಳು. ಹೀಗೆ ಎರಡು ತಿಂಗಳು.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವಳು ನನ್ನನ್ನು ಕರೆದಳು. ತೆಂಗಿನೆಣ್ಣೆ ಹಾಕಿ ಉಜ್ಜಿ ಕುಂಕುಮ ತೆಗೆದಿದ್ದಳು. ಹಣೆಯ ನಡುವೆ ತೊಗರಿಬೇಳೆಯಷ್ಟು ಜಾಗ ಬೆಳ್ಳಗೆ, ಉಗುರಿನ ಬುಡದ ಹಾಗೆ.

"ಎಂತ ಇದು?" ಎಂದಳು.

ಆ ಪದ ಇಬ್ಬರ ಬಾಯಿಯಲ್ಲೂ ಇತ್ತು, ಇಬ್ಬರೂ ಆಡಲಿಲ್ಲ. ತೊನ್ನು ಎಂದರೆ ಆ ಕಾಲದಲ್ಲಿ ಜನ ಕುಷ್ಠ ಎಂದಷ್ಟೇ ಕೇಳಿಸಿಕೊಳ್ಳುತ್ತಿದ್ದರು. ಅವಳು ಕಡ್ಡಿಯನ್ನು ಬಾಟ್ಲಿಯಲ್ಲಿ ಅದ್ದಿ ಯಾವಾಗಲೂ ಇಡುವುದಕ್ಕಿಂತ ಒಂದು ಸುತ್ತು ದೊಡ್ಡ ಬೊಟ್ಟು ಇಟ್ಟುಕೊಂಡಳು. ಬಿಳಿ ಅಡಿಗೆ ಹೋಯಿತು. "ಕಾಣ್ತದಾ?" "ಇಲ್ಲ." "ಅತ್ತೆಗೆ ಹೇಳ್ಬೇಡ."

ಹೇಳಲಿಲ್ಲ. ಆಮೇಲಿನ ಮೂರು ನಾಲ್ಕು ತಿಂಗಳು ಅವಳ ಬೊಟ್ಟು ಬೆಳೆದದ್ದನ್ನು ನಾನು ಕಣ್ಣಾರೆ ಕಂಡೆ. ಬೇಳೆಯಷ್ಟಿದ್ದದ್ದು ಕಡಲೆಯಷ್ಟಾಯಿತು. ಆಮೇಲೆ ನಾಲ್ಕಾಣೆಯ ಪಾವಲಿಯಷ್ಟು. ಅಡಿಯ ಬಿಳಿ ಹರಡಿದಷ್ಟೂ ಮೇಲಿನ ಕೆಂಪು ಹರಡಬೇಕಿತ್ತು. ಕೆಂಪು ಹರಡಿದ ಕಡೆಗೆಲ್ಲ ಸ್ವಲ್ಪ ದಿನದಲ್ಲೇ ಬಿಳಿ ಬಂದು ಮುಟ್ಟುತ್ತಿತ್ತು. ಮುಚ್ಚಿದ್ದೇ ತಿನ್ನುತ್ತಾ ಇತ್ತು. ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ತಿಂಗಳಿಗೆ ಒಂದಿದ್ದ ಬಾಟ್ಲಿ ಎರಡಾಯಿತು, ಎರಡನ್ನೂ ನಾನೇ ಹೋಗಿ ತಂದೆ.

ಊರು ಏನೆಂದಿತು ಗೊತ್ತುಂಟಾ? ಚಂದ ಉಂಟು ಎಂದಿತು. ಮಣ್ಣಗುಡ್ಡದ ಬಾಗಿಲುಗಳಲ್ಲಿ "ದೊಡ್ಡ ಕುಂಕುಮದವಳು ಬಂದಳು" ಎಂದೇ ಕರೆಯುತ್ತಿದ್ದರಂತೆ. ಒಬ್ಬ ಮುದುಕಿ ತನ್ನ ಸೊಸೆಯನ್ನು ಹೊರಗೆ ಕರೆದು, "ನೋಡು, ಮೀನು ಮಾರುವವಳು ಎಷ್ಟು ಲಕ್ಷಣವಾಗಿ ಇಟ್ಟುಕೊಂಡಿದ್ದಾಳೆ, ನಿನ್ನದು ಸೊಳ್ಳೆ ಕಚ್ಚಿದ ಹಾಗುಂಟು" ಎಂದಳಂತೆ. ಅತ್ತಿಗೆ ಇದನ್ನು ಮನೆಯಲ್ಲಿ ಅಭಿನಯಿಸಿ ತೋರಿಸಿದಳು. ಅಮ್ಮ ನಕ್ಕು ನಕ್ಕು ಸುಸ್ತಾದಳು. ನಾನೂ ನಕ್ಕೆ. ಅತ್ತಿಗೆ ನಗುತ್ತಲೇ ನನ್ನ ಮುಖ ನೋಡಿದಳು.

ಒಂದು ದಿನ ಅಮ್ಮ ಅವಳ ತಲೆ ಬಾಚುತ್ತಿದ್ದಾಗ ಕೈ ನಿಂತಿತು. ಕೆಂಪು ಬೊಟ್ಟಿನ ಸುತ್ತ ಕೂದಲೆಳೆಯಷ್ಟು ಬಿಳಿ ಅಂಚು. ಅಮ್ಮ ಕೂಗಾಡಲಿಲ್ಲ. ಬಾಚಣಿಗೆ ಕೆಳಗಿಟ್ಟು ಬೇರು ನಾರು ಮಾರುವ ಗ್ರಂಥಿಗೆ ಅಂಗಡಿಗೆ ಹೋದಳು, ಕುಂಟುತ್ತ, ಒಬ್ಬಳೇ. ಬಾವಂಚಿ ಬೀಜ ತಂದು ನೆನೆಸಿ ಅರೆದಳು. ಬಿಳಿ ಮಚ್ಚೆಗೆ ಹಳಬರ ಮದ್ದು ಅದೇ. ಹಚ್ಚಿ ಎಳೆಬಿಸಿಲಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಆಮೇಲೆ ತೊಳೆದು ನೆರಳಲ್ಲಿರಬೇಕು. ಅಮ್ಮ ಹೇಳಿದ್ದೂ ಹಾಗೆಯೇ. ಆದರೆ ಅಂದು ಬೂತಾಯಿ ಮೀನು ರಾಶಿ ಬಿದ್ದಿತ್ತು. ಮೀನು ಕಾಯುತ್ತದಾ? ಅತ್ತಿಗೆ ಮದ್ದನ್ನು ಅರ್ಧಂಬರ್ಧ ಒರೆಸಿಕೊಂಡು ಬುಟ್ಟಿ ಎತ್ತಿದಳು. ಮಧ್ಯಾಹ್ನದ ಬಿಸಿಲಲ್ಲಿ ಮಣ್ಣಗುಡ್ಡದ ಏರು ಹತ್ತಿ ಇಳಿದು ಬಂದಳು.

ಸಂಜೆಗೆ ಹಣೆ ಊದಿತ್ತು. ಮರುದಿನ ನೀರುಗುಳ್ಳೆ, ಕಾದ ಎಣ್ಣೆ ಸಿಡಿದ ಹಾಗೆ. ಬೇರು, ಬೀಜ, ಎಲೆ ಎಂದರೆ ಕೇಡು ಮಾಡುವುದಿಲ್ಲ ಎಂದು ನಂಬಿದ್ದ ಅಮ್ಮ ಆ ಗುಳ್ಳೆಗಳ ಮುಂದೆ ಕೂತು ತನ್ನ ಅಂಗೈಗಳನ್ನು ನೋಡಿಕೊಂಡಳು. ಗುಳ್ಳೆ ಒಡೆದು ಪೊರೆ ಬಿದ್ದ ಮೇಲೆ ಅಂಗೈ ಅಗಲ ಬಿಳಿ. ಅದರ ಸುತ್ತ ಮಸಿಯಂಥ ಕಪ್ಪು. ಯಾವ ಬೊಟ್ಟೂ ಅದನ್ನು ಮುಚ್ಚುವ ಹಾಗಿರಲಿಲ್ಲ.

ಬಾಗಿಲುಗಳು ಮುಚ್ಚಲು ಒಂದು ವಾರವೂ ಹಿಡಿಯಲಿಲ್ಲ. ಯಾರೂ ಬೈಯಲಿಲ್ಲ ನೋಡಿ. "ಇವತ್ತು ಬೇಡ." "ನಮ್ಮಲ್ಲಿ ವ್ರತ." "ಮನೆಯವರಿಗೆ ಮೀನು ಆಗುವುದಿಲ್ಲ ಅಂತೆ." ಮೊನ್ನೆಯವರೆಗೆ ದೊಡ್ಡದು ಬೇಕು, ಮೊಟ್ಟೆಯಿರುವುದು ಬೇಕು ಎಂದು ಜಗಳಾಡುತ್ತಿದ್ದವರು. ಅತ್ತಿಗೆ ತುಂಬಿದ ಬುಟ್ಟಿಯನ್ನೇ ಹೊತ್ತು ವಾಪಸು ಬರುತ್ತಿದ್ದಳು. ಅಮ್ಮ ಅದನ್ನು ಉಪ್ಪು ಹಾಕಿ ಒಣಗಲಿಡುತ್ತಿದ್ದಳು.

ಕೊನೆಗೆ ನಾನೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದವರು, ಮಾತು ಕಡಿಮೆ. ಹಣೆ ನೋಡಿದರು. ಆಮೇಲೆ ನಾನು ಸೆರಗಿನಿಂದ ತೆಗೆದುಕೊಟ್ಟ ಬಾಟ್ಲಿಯನ್ನು ಹೆಚ್ಚು ಹೊತ್ತು ನೋಡಿದರು.

"ಇದರಲ್ಲಿ ಎಂತೆಂತ ಹಾಕಿದ್ದಾರೆ ಅಂತ ಬರೆದಿದೆಯಾ?"

"ಇಲ್ಲ. ದೇವರ ಚಿತ್ರ ಉಂಟು."

"ಅದು ಕಾಣ್ತದೆ." ಬಾಟ್ಲಿ ಮೇಜಿನ ಮೇಲಿಟ್ಟರು. "ಇದು ಅಂಟುವ ರೋಗ ಅಲ್ಲ. ಈ ಬಣ್ಣವೋ ಅಂಟೋ ಯಾವುದೋ ಒಂದು ಇವಳ ಚರ್ಮಕ್ಕೆ ಆಗಲಿಲ್ಲ. ತುರಿಕೆ ಸುರುವಾದ ದಿನವೇ ಬಿಡಬೇಕಿತ್ತು. ಈಗಲಾದರೂ ಬಿಡಿ. ಬಣ್ಣ ಬಂದರೆ ಬರಬಹುದು. ಬಾರದೆಯೂ ಇರಬಹುದು."

ತುರಿಕೆ ಸುರುವಾದ ದಿನ. ನಾನು ನೆಲ ನೋಡಿದೆ.

ಅತ್ತಿಗೆ ಕೇಳಿದ್ದು ಬೇರೆ. "ಡಾಕ್ಟ್ರೇ, ಅಂಟುವುದಿಲ್ಲ ಅಂತ ಒಂದು ಚೀಟಿ ಬರೆದು ಕೊಡ್ತೀರಾ? ಮನೆಗಳಲ್ಲಿ ತೋರಿಸ್ತೇನೆ."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಬರೆದು ಕೊಟ್ಟರು, ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ.

ಕಾರ್ಖಾನೆಗೆ ರಜೆಯಿದ್ದ ದಿನ ನಾನೂ ಅವಳ ಜೊತೆ ಹೊರಟೆ. ಮೊದಲ ಮನೆಯ ಗೇಟಿನಲ್ಲಿ ಅತ್ತಿಗೆ ಚೀಟಿ ಚಾಚಿದಳು. ಒಳಗಿದ್ದಾಕೆ ಕೈ ನೀಡಲಿಲ್ಲ. ಕಾಗದವನ್ನು ಮುಟ್ಟಲೂ ಹೆದರಿಕೆ ಎಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಅಲ್ಲಿಂದಲೇ ಓದಿ" ಎಂದಳು. ಅತ್ತಿಗೆಗೆ ಓದಲು ಬಾರದು. ನಾನು ಓದಿದೆ, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ, ರಸ್ತೆಯಲ್ಲಿ ಹೋಗುವವರು ನಿಂತು ಕೇಳುವ ಹಾಗೆ. ಕೊನೆಯವರೆಗೆ ಕೇಳಿದಳು ಆ ಹೆಂಗಸು, ಸುಳ್ಳು ಹೇಳಬಾರದು. ಆಮೇಲೆ ಅಂದಳು, "ಡಾಕ್ಟ್ರು ಹೇಳಿದ್ದು ಸರಿ ಇರಬಹುದು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಅಲ್ವಾ."

ಎರಡನೆಯ ಗೇಟಿಗೆ ನಾವು ಹೋಗಲಿಲ್ಲ. ಅತ್ತಿಗೆ ಚೀಟಿಯನ್ನು ನಾಲ್ಕಾಗಿ ಮಡಚಿ ಎಲೆಯಡಿಕೆಯ ಚೀಲದಲ್ಲಿಟ್ಟಳು.

ನಾನು ಬಂದರಿನ ಅಂಗಡಿಗೆ ಹೋಗಿ ಜಗಳ ಮಾಡಿದೆ. ಯಾರ ಮೇಲಾದರೂ ಕಿರುಚಬೇಕಿತ್ತು. ಬ್ಯಾರಿ ಎಲ್ಲ ಕೇಳಿಸಿಕೊಂಡರು. "ಬೊಂಬಾಯಿಂದ ಪೆಟ್ಟಿಗೆಯಲ್ಲಿ ಬರ್ತದೆ ಮಗಳೇ. ಒಳಗೆ ಎಂತ ಉಂಟೂಂತ ನಮಗೆ ಯಾರು ಹೇಳ್ತಾರೆ? ನನ್ನ ಮನೆಯವಳು ಕಣ್ಣಿಗೆ ಹಚ್ಚುವ ಸುರ್ಮಾವೂ ಹಾಗೇ ಬರ್ತದೆ." ಎಂದವರು ಅಷ್ಟಕ್ಕೇ ನಿಲ್ಲಿಸಿ ಏನನ್ನೋ ಯೋಚಿಸಿದರು. ಕಪಾಟಿನಲ್ಲಿದ್ದ ಬಾಟ್ಲಿಗಳನ್ನೆಲ್ಲ ಗೋಣಿಗೆ ಹಾಕಿದರು. ಒಳ್ಳೆಯ ಮನುಷ್ಯ. ಮತ್ತೆ ಅವರು ಅದನ್ನು ಮಾರಲೇ ಇಲ್ಲ. ಅತ್ತಿಗೆ ಬೇರೆ ಅಂಗಡಿಯಿಂದ ತರಿಸಿಕೊಂಡಳು.

ಹೌದು, ತರಿಸಿಕೊಂಡಳು. ಯಾವುದರಿಂದ ಆಯಿತೆಂದು ಗೊತ್ತಾದ ಮೇಲೆ. ಅಮ್ಮ ಮತ್ತೆ ಅರಸಿನ ಹೆಚ್ಚಿ ಮನೆಯ ಕುಂಕುಮ ಮಾಡಿದಳು. ಸುಟ್ಟ ಚರ್ಮಕ್ಕೆ ಲಿಂಬೆಹುಳಿಯ ಅಂಶವೇ ಉರಿ. ಮೇಲಾಗಿ ಅದು ಬಿಳಿಯ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಇಳಿದು ಹೋಗುತ್ತಿತ್ತು. ಏನೂ ಇಡದೆ ಇರೋಣವೆಂದರೆ ಅಣ್ಣ ದಿನವೂ ಕಡಲಿಗೆ ಹೋಗುವವನು, ಬರಿ ಹಣೆ ಅಪಶಕುನ. ಉಳಿದದ್ದು ಬಾಟ್ಲಿ.

"ನಿನ್ನ ಹಣೆ ನೋಡಿ ಮೀನು ಬಲೆಗೆ ಬೀಳ್ತದಾ ಮಾರಾಯ್ತಿ?" ಎಂದ ಅಣ್ಣ ಒಂದು ಬೆಳಿಗ್ಗೆ. "ತೆಗೆದು ಬಿಸಾಡು. ನಾನು ಹೇಳ್ತಾ ಇದ್ದೇನೆ ಅಲ್ಲ, ನಿನ್ನ ಗಂಡ."

"ನೀವು ಹೊರಡಿ, ದೋಣಿ ಕಾಯ್ತದೆ."

ಅವನು ಹೊರಡಲಿಲ್ಲ. ತೆಂಗಿನೆಣ್ಣೆಯ ಕರಟ ತಂದು, ಹೆಬ್ಬೆರಳು ಅದ್ದಿ, ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ತಾನೇ ಒರೆಸಿದ. ಮಗುವಿನ ಮೂಗು ಒರೆಸುವಷ್ಟು ಮೆಲ್ಲಗೆ. ಅವಳು ಕಿರುಚಿದ್ದು ಕೇಳಿ ಅಮ್ಮ ಓಡಿ ಬಂದಳು. ಗಂಡನೇ ಹೆಂಡತಿಯ ಕುಂಕುಮ ಒರೆಸುವುದನ್ನು, ಅದೂ ಕಡಲಿಗೆ ಹೊರಟು ನಿಂತ ಹೊತ್ತಿನಲ್ಲಿ, ಅವಳು ಬದುಕಿನಲ್ಲೇ ಕಂಡಿರಲಿಲ್ಲ. ಹದಿನೈದು ದಿನ ಮಗನ ಹತ್ತಿರ ಮಾತಾಡಲಿಲ್ಲ. ಅವನ ಕಾಲಿನ ಗುರುತು ಮರಳಲ್ಲಿ ಇನ್ನೂ ಹಸಿಯಾಗಿರುವಾಗಲೇ ಅತ್ತಿಗೆ ಬಾಟ್ಲಿಯ ಮುಚ್ಚಳ ತೆಗೆದಿದ್ದಳು. ಅಣ್ಣ ಸಂಜೆ ಬಂದ. ಬಂದೇ ಬಂದ, ಅಂದು ಮೀನೂ ಸಿಕ್ಕಿತ್ತು. ಅವಳ ಹಣೆ ನೋಡಿ ಬಲೆ ಒಣಗಲು ಹಾಕಲು ಹೋದ. ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಒಂದೇ ಸಲ ಅವಳ ಹತ್ತಿರ ಬಾಯಿ ಬಿಟ್ಟೆ. "ನಾನು ತಂದದ್ದಲ್ವಾ ಅತ್ತಿಗೆ."

"ನೀನು ತಂದದ್ದು ಅಂತ ನಾನು ಯಾರಿಗೂ ಹೇಳಿಲ್ಲ," ಎಂದಳು. "ಹೇಳಿದರೆ ಬಣ್ಣ ಬರ್ತದಾ?"

ಬೈದಿದ್ದರೆ ಚೆನ್ನಾಗಿತ್ತು.

ಬಾಗಿಲುಗಳನ್ನು ಹಾಗೇ ಬಿಟ್ಟರೆ ಬೇರೆಯವರು ಹತ್ತುತ್ತಾರೆ. ಅಮ್ಮ ಒಂದು ದಿನ ನನ್ನನ್ನು ಕಾರ್ಖಾನೆ ಬಿಡಿಸಿ ನನ್ನ ಮುಂದೆ ಬುಟ್ಟಿ ಇಟ್ಟಳು. ಅತ್ತಿಗೆ ತಾನೇ ಸಿಂಬೆ ಸುತ್ತಿ ನನ್ನ ತಲೆಯ ಮೇಲಿಟ್ಟು, ಯಾವ ಮನೆಗೆ ಯಾವ ಮೀನು, ಯಾರಿಗೆ ಚಿಕ್ಕದು, ಯಾರಿಗೆ ಮುಳ್ಳು ಕಡಿಮೆಯದ್ದು ಎಂದು ಒಂದೊಂದಾಗಿ ಹೇಳಿಕೊಟ್ಟಳು. ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ ಒಪ್ಪಿಸಲು ಅವಳು ಬರುವ ಹಾಗಿರಲಿಲ್ಲ. ಚೀಟಿ ಓದಿದ ಆ ಮನೆಯೊಂದನ್ನು ಬಿಟ್ಟು ಉಳಿದಲ್ಲಿಗೆ ಹೋದೆ.

ಕಪ್ಪು ಗೇಟಿನ ಮನೆಯಾಕೆ ಮೊದಲು ನನ್ನ ಕೈ ನೋಡಿದರು. "ಬೆರಳಿಗೆ ಎಂತ ಆದದ್ದು?"

"ಗೇರುಬೀಜದ ಎಣ್ಣೆ, ಅಮ್ಮ."

"ಓ, ಹಾಗಾ. ಪಾಪ." ಅದಕ್ಕೆ ಅಡ್ಡಿ ಇರಲಿಲ್ಲ. ಸುಲಿದ ಕೈಯಿಂದ ಮೀನು ತೆಗೆದುಕೊಳ್ಳಬಹುದು. ಬಂಗುಡೆಯ ಕಿವಿರು ಎತ್ತಿ ನೋಡುತ್ತ ಮತ್ತೆ ಕೇಳಿದರು, "ಆ ಹಣೆ ಹೋದವಳು, ದೊಡ್ಡ ಕುಂಕುಮದವಳು, ನಿಮ್ಮ ಮನೆಯವಳಾ?"

ನಾನು ಒಂದು ಕ್ಷಣವೂ ತಡ ಮಾಡಲಿಲ್ಲ. "ಅಲ್ಲ ಅಮ್ಮ. ಅವರು ಬೇರೆ. ನಾವು ಆಚೆ ಕಡೆಯವರು."

"ಹಾಗಾದರೆ ನಾಳೆಯೂ ಬಾ."

ಸಂಜೆ ಅತ್ತಿಗೆ ಜಗಲಿಯಲ್ಲಿ ಒಣಮೀನು ವಿಂಗಡಿಸುತ್ತ ಎಲ್ಲ ಮನೆಗಳ ವಿಷಯ ಕೇಳಿದಳು. ಅವಳಿಗೆ ಬೇಕಿದ್ದದ್ದು ಜನರ ಸುದ್ದಿ. "ಕಪ್ಪು ಗೇಟಿನವರ ಸೊಸೆಗೆ ತಿಂಗಳು ತುಂಬಿತ್ತಲ್ಲ?"

"ಹೆತ್ತಳಂತೆ. ಗಂಡು."

"ಅಯ್ಯೋ, ಹೌದಾ!" ಅವಳ ಮುಖ ಅರಳಿತು. ಮರುದಿನ ಬೆಳಿಗ್ಗೆ ಅಣ್ಣ ತಂದ ಮೀನಿನಲ್ಲಿ ಹುಡುಕಿ ಎರಡು ಮರಿ ತಾಟೆ ತೆಗೆದಳು. ಬಾಣಂತಿಗೆ ಹಾಲು ಬರಲಿ ಎಂದು ನಮ್ಮಲ್ಲಿ ಕೊಡುವ ಸಣ್ಣ ಶಾರ್ಕ್ ಮೀನು ಅದು. ತೊಳೆದು, ಬಾಳೆಲೆಯಲ್ಲಿ ಸುತ್ತಿ, ಬಳ್ಳಿ ಕಟ್ಟಿ ನನ್ನ ಬುಟ್ಟಿಯ ಮೇಲೆ ಇಟ್ಟಳು.

"ದುಡ್ಡು ತೆಗೊಳ್ಬೇಡ. ನಾನು ಕೊಟ್ಟದ್ದೂಂತ ಹೇಳು."

ಕಪ್ಪು ಗೇಟಿನಲ್ಲಿ ಪೊಟ್ಟಣ ಕೊಟ್ಟೆ. ಬಾಣಂತಿಗೆ ಎಂದೆ. ಅವರು ಎಲೆ ಬಿಚ್ಚಿ ನೋಡಿ, "ಒಳ್ಳೆಯ ಮನಸ್ಸು ನಿನ್ನದು" ಎಂದರು. ನಾನು ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ನಡೆದೆ.

ಸಂಜೆ ಅತ್ತಿಗೆ ಕಾಯುತ್ತಿದ್ದಳು.

"ಹೇಳಿದೆಯಾ?"

"ಹೇಳಿದೆ."

"ಎಂತ ಹೇಳಿದರು?"

"ಖುಷಿಪಟ್ಟರು," ಎಂದೆ. ಅವಳು ತಲೆಯಾಡಿಸಿ, ನಾಳೆ ಯಾವ ಮನೆಗೆ ಯಾವ ಮೀನು ಕೊಡಬೇಕೆಂದು ಹೇಳಲು ಸುರುಮಾಡಿದಳು.